ಕೆರೆ ಪಕ್ಕದ ಆ ಹಾಳೂರಿನ ಬಗ್ಗೆ

ಗುಬ್ಬಿ ಹತ್ತಿರ ಕೆರೆ ದಂಡೆಯಲ್ಲಿ ಗುಡಿ, ಬಿದ್ದ ಗೋಡೆ ಮಾತ್ರ ಉಳಿದಿವೆ, ಜನ ಯಾಕೆ ಬಿಟ್ಟರು ಅಂತ ಕೇಳಿದ್ದೀರಲ್ಲ. ಮೊದಲು ಕಂದಾಯ ದಾಖಲೆ ನೋಡಿ. ‘ಬೇಚರಾಕ್ ಗ್ರಾಮ’ ಅಂತಿದ್ದರೆ ಜನವಸತಿ ಇಲ್ಲದ ಊರು ಅಂತ. ಮೂಲ ಪರ್ಷಿಯನ್ ಮಾತು, ದೀಪ ಇಲ್ಲದ್ದು ಅಂತ ಅರ್ಥ. ಓದಿದಾಗಲೆಲ್ಲ ಕರುಳು ಚುರ್ ಅನ್ನುತ್ತದೆ. ಸುಮ್ನೆ ಯಾರೂ ಊರು ಬಿಡುವುದಿಲ್ಲ. 1876-78ರ ಬರದಲ್ಲಿ ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಸತ್ತರು, ಆಮೇಲೆ 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಹಳ್ಳಿಗಳಿಗೂ ಹಬ್ಬಿತು, ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ಕೆಲವರು ವಾಪಸ್ ಬರಲೇ ಇಲ್ಲ. ಕೆರೆ ಪಕ್ಕ ಅಂದಮೇಲೆ ಸೊಳ್ಳೆ, ಮಲೇರಿಯಾ ಕಾಟ ಬೇರೆ. ಆ ಹಾಳೂರನ್ನು ಜನ ಬಿಟ್ಟ ಕಾರಣ ಯಾವುದು ಅಂತ ತಿಳಿಯಬೇಕಾದರೆ, ಆ ಗುಡಿಗೆ ಈಗಲೂ ಆರತಿ ತರುವವರು ಯಾವ ಊರಿನವರು ಅಂತ ವಿಚಾರಿಸಿ. ಬಿಟ್ಟುಹೋದವರ ಮೊಮ್ಮಕ್ಕಳು ಅಲ್ಲೇ ಸಿಗಬಹುದು.