ಕೊಡಚಾದ್ರಿಯ ಅಂಚಿನಲ್ಲಿ ಕಾಲು ಎಲ್ಲಿಡಬೇಕು?

ಪ್ರಶ್ನೆ: ಅಕ್ಟೋಬರ್ ಕೊನೆಗೆ ಹತ್ತು ವರ್ಷದ ಮಗ ಮತ್ತು ಅಮ್ಮನನ್ನು ಕರೆದುಕೊಂಡು ಕೊಡಚಾದ್ರಿಗೆ ಹೊರಟಿದ್ದೇವೆ. ನಮ್ಮ ಕಾರಿನಲ್ಲೇ ಮೇಲೆ ಹೋಗಬಹುದೇ? ಇಂಬಳದ ಕಾಟ ಇರುತ್ತದೆಯೇ? ಸೂರ್ಯಾಸ್ತ ನೋಡಿ ಇಳಿಯುವುದು ಸರಿಯೇ?
– ಓದುಗರು, ಶಿವಮೊಗ್ಗ

ಉತ್ತರ: ಕಾರು ಬೇಡ. ಘಾಟಿಯ ಕೊನೆಯ ಭಾಗ ಕೊರಕಲು ಬಿದ್ದ ಮಣ್ಣುದಾರಿ. ತಗ್ಗು ಕಾರಿನ ತಳ ಕಲ್ಲಿಗೆ ಬಡಿದು ಎಣ್ಣೆ ಸೋರುತ್ತದೆ. ಹೊಸನಗರ ಮತ್ತು ನಗರ ಎಂಬ ಊರುಗಳನ್ನು ಹಾದು ಬಂದು ನಿಟ್ಟೂರು ಅಥವಾ ಕಟ್ಟಿನಹೊಳೆಯಲ್ಲಿ ಜೀಪು ಹಿಡಿಯಿರಿ. ಮೇಲೆ ಎಷ್ಟು ಹೊತ್ತು ಕಾಯುತ್ತಾರೆಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಪ್ರವೇಶದ ನಿಯಮ ಆಗಾಗ ಬದಲಾಗುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ.

ಜೀಪು ನಿಲ್ಲುವ ಮೂಲ ಮೂಕಾಂಬಿಕೆ ಗುಡಿಯಿಂದ ಶಿಖರದ ಸರ್ವಜ್ಞ ಪೀಠಕ್ಕೆ ಸುಮಾರು ಎರಡು ಕಿ.ಮೀ. ನಡಿಗೆ. ಅಮ್ಮನವರಿಗೆ ಮಂಡಿನೋವಿದ್ದರೆ ಗುಡಿಯ ಬಳಿಯೇ ಉಳಿಯಲಿ, ಏಕೆಂದರೆ ಕಷ್ಟ ಇರುವುದು ಇಳಿಯುವಾಗ. ಜಂಬಿಟ್ಟಿಗೆಯ ಹರಳು ರಾಗಿ ಚೆಲ್ಲಿದ ನೆಲದಂತೆ ಪಾದದಡಿ ಉರುಳುತ್ತದೆ. ಹಿಮ್ಮಡಿ ಊರಿ ಇಳಿದರೆ ಕಾಲು ಮುಂದಕ್ಕೆ ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಪೂರ್ತಿ ಪಾದ ಊರಿ, ಚಿಕ್ಕ ಹೆಜ್ಜೆ ಇಡಬೇಕು. ಅಡಿ ಸವೆದ ಶೂ ಬೇಡವೇ ಬೇಡ. ಪೀಠದಿಂದ ಕೆಳಗಿರುವ ಚಿತ್ರಮೂಲ ಗುಹೆಯ ದಾರಿ ಬಲು ಕಡಿದು, ಮಗುವಿದ್ದಾಗ ಅದನ್ನು ಬಿಟ್ಟುಬಿಡಿ.

ನಾವು ಒತ್ತಿ ಹೇಳಬೇಕಾದದ್ದು ಪಶ್ಚಿಮದ ಅಂಚಿನ ಬಗ್ಗೆ. ಅಲ್ಲಿ ಬರೀ ಬಂಡೆ ಕಂಡರೆ ಅದು ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತದೆ. ಹುಲ್ಲು ಹಾಗಲ್ಲ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಅಂಚು ದಾಟಿ ಹೊರಕ್ಕೆ ಬಾಗಿರುತ್ತದೆ, ಬೇರಿನ ಕೆಳಗಿನ ಮಣ್ಣು ಕೊಚ್ಚಿಹೋಗಿರುತ್ತದೆ. ನೆಲವಿದೆ ಅಂದುಕೊಂಡು ಹೆಜ್ಜೆ ಇಟ್ಟರೆ ಹುಲ್ಲಿನ ಸಮೇತ ಕುಸಿಯುತ್ತೀರಿ. ಹುಲ್ಲಂಚಿನಿಂದ ಮೂರು ಮೀಟರ್ ಈಚೆಗೇ ನಿಲ್ಲಿ. ಫೋಟೊಗಾಗಿ ಹಿಂದಕ್ಕೆ ಹೆಜ್ಜೆ ಇಡಲೇಬೇಡಿ. ಕರಾವಳಿಯಿಂದ ಏರಿಬರುವ ಗಾಳಿ ಈ 1,343 ಮೀಟರ್ ಎತ್ತರದಲ್ಲಿ ತಣಿದು ಮಂಜಾಗುತ್ತದೆ, ನಿಮಿಷಗಳಲ್ಲಿ ದಾರಿ ಮುಚ್ಚುತ್ತದೆ. ಮುಚ್ಚಿದರೆ ಮಗನ ಕೈ ಹಿಡಿದು ಕುಳಿತುಬಿಡಿ, ತೆರವಾದ ಮೇಲೆ ಏಳಿ. ಸೂರ್ಯಾಸ್ತ ನೋಡಲೇಬೇಕೆಂದಿದ್ದರೆ ಒಬ್ಬೊಬ್ಬರಿಗೂ ಒಂದು ಟಾರ್ಚ್ ಇರಲಿ. ಆದರೂ ಮಗು ಇರುವಾಗ ಬೆಳಿಗ್ಗೆ ಬೇಗ ಹೋಗಿಬರುವುದೇ ನಮ್ಮ ಸಲಹೆ.

ಮಳೆ ಪೂರ್ತಿ ಬಿಟ್ಟಿರದಿದ್ದರೆ ಇಂಬಳ ಇದ್ದೇ ಇರುತ್ತದೆ, ಹಿಡ್ಲುಮನೆ ಜಲಪಾತದ ಕಾಡುದಾರಿಯಲ್ಲಂತೂ ಹೆಚ್ಚು. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಚೀಲದ ಮೇಲೆ ಹೊಗೆಸೊಪ್ಪಿನ ಪುಡಿ, ಸುಣ್ಣ ಸವರಿ. ಕಚ್ಚಿದ್ದನ್ನು ಎಳೆಯಬೇಡಿ; ಬಾಯಿಯ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಿಂದ ರಕ್ತ ಹೆಪ್ಪುಗಟ್ಟದೆ ಜಿನುಗುತ್ತಲೇ ಇರುತ್ತದೆ, ತೊಳೆದು ಹತ್ತಿ ಇಟ್ಟು ಒತ್ತಿ ಹಿಡಿಯಿರಿ. ಅಮ್ಮನವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಜಲಪಾತದ ದಾರಿ ಬೇಡ.

ಪ್ರಶ್ನೆ: ಕುಂದಾದ್ರಿಯ ಬಂಡೆಯಲ್ಲಿ ಹಗ್ಗ ಕಟ್ಟಿ ಹತ್ತುವ ಅಭ್ಯಾಸ ಮಾಡಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಅದು ಜೈನರ ಪುಣ್ಯಕ್ಷೇತ್ರ. ಮೇಲಾಗಿ ಆಗುಂಬೆ ಸೀಮೆಯ ಮಳೆಗೆ ಬಂಡೆಯ ಮೇಲೆ ಪಾಚಿ ಕಟ್ಟಿ, ಒಣಗಿದಂತೆ ಕಂಡರೂ ಕೈಗೆ ಹಿಡಿತ ಸಿಗುವುದಿಲ್ಲ. ಕಲಿಯುವವರಿಗೆ ರಾಮನಗರದ ಗ್ರಾನೈಟ್ ಅಥವಾ ಬಾದಾಮಿಯ ಮರಳುಗಲ್ಲು ಸರಿ. ಬಾದಾಮಿಗೆ ಚಳಿಗಾಲದಲ್ಲಿ ಹೋಗಿ, ಮಳೆ ಬಂದ ಮರುದಿನ ಮಾತ್ರ ಹತ್ತಬೇಡಿ: ನೀರು ಕುಡಿದ ಮರಳುಗಲ್ಲು ಹಿಡಿದ ಕೈಯಲ್ಲೇ ಮುರಿದು ಬರುತ್ತದೆ.