ದೇವರು ಅಷ್ಟು ಪರಿಶುದ್ಧ, ಎಲ್ಲರ ಮೇಲೂ ಅಧಿಕಾರವಿರುವವನು ಅಂದ ಮೇಲೆ ಕ್ರೈಸ್ತರು ಆತನನ್ನು ಪ್ರೀತಿಯ ದೇವರು ಅನ್ನೋದು ಹೇಗೆ?

ಇದಕ್ಕೆ ಬೈಬಲಿನ ಯೆಶಾಯ 6ನೇ ಅಧ್ಯಾಯ ಓದಿ. ಪರಿಶುದ್ಧತೆ, ಅಧಿಕಾರ, ಪ್ರೀತಿ ಮೂರೂ ಅಲ್ಲೇ ಇವೆ.

ಯೆಹೂದ ರಾಜ್ಯವನ್ನು 52 ವರ್ಷ ಆಳಿದ ಉಜ್ಜೀಯ ರಾಜ ತೀರಿಕೊಂಡ ವರ್ಷ ಅದು. ಯೆಹೂದದ ಜನಕ್ಕೆ ಮುಂದೇನು ಅನ್ನೋ ಆತಂಕ ಇದ್ದಿರಲೇಬೇಕು. ಆಗ ದೇವರ ಮಾತು ಸಾರುವ ಪ್ರವಾದಿ ಯೆಶಾಯನಿಗೆ ದರ್ಶನದಲ್ಲಿ ಕಾಣಿಸಿದ್ದು ಎತ್ತರದ ಸಿಂಹಾಸನದಲ್ಲಿ ಕೂತ ದೇವರು. ರಾಜ ಹೋದರೂ ಆಳುವವನು ಹೋಗಿಲ್ಲ. ಸುತ್ತ ಆರು ರೆಕ್ಕೆಯ ಸೆರಾಫಿಯರು, ಅಂದರೆ ದೇವರ ಸೇವೆ ಮಾಡುವ ದೂತರು. ಎರಡು ರೆಕ್ಕೆಯಿಂದ ಮುಖ, ಎರಡರಿಂದ ಕಾಲು ಮುಚ್ಚಿಕೊಂಡು, ಉಳಿದೆರಡರಿಂದ ಹಾರುತ್ತಾ, 'ಪರಿಶುದ್ಧನು' ಎಂದು ಮೂರು ಸಲ ಕೂಗುತ್ತಾರೆ. ಪಾಪವಿಲ್ಲದ ಅವರೇ ಮುಖ ಮುಚ್ಚಿಕೊಂಡರೆ ಮನುಷ್ಯನ ಪಾಡೇನು? ಯೆಶಾಯ, ನನ್ನ ತುಟಿಗಳು ಅಶುದ್ಧ, ನಾನು ಕೆಟ್ಟೆ ಅಂತ ನಡುಗುತ್ತಾನೆ.

ಆದರೆ ದೇವರು ಅವನನ್ನು ಓಡಿಸಲಿಲ್ಲ. ಸೆರಾಫಿಯೊಬ್ಬ ಯಜ್ಞವೇದಿಯಿಂದ ಕೆಂಡ ತಂದು ಅವನ ತುಟಿಗೆ ಮುಟ್ಟಿಸಿ, ನಿನ್ನ ಪಾಪ ಹೋಯಿತು ಅಂದ. ಶುದ್ಧ ಮಾಡೋ ಕೆಲಸ ದೇವರ ಕಡೆಯಿಂದಲೇ ಬಂತು, ಅಲ್ವಾ? ಆ ಕೆಲಸ ಯೇಸುವಿನ ಶಿಲುಬೆಯಲ್ಲಿ ಪೂರ್ತಿಯಾಯಿತು ಅನ್ನೋದು ಕ್ರೈಸ್ತರ ನಂಬಿಕೆ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಆರಾಧನೆಯೂ ಸುಮಾರು ಇದೇ ದಾರಿ ಹಿಡಿಯುತ್ತದೆ: ಸ್ತುತಿ, ಪಾಪದ ಅರಿಕೆ, ಕ್ಷಮೆಯ ಮಾತು, ಆಮೇಲೆ ವಾಕ್ಯ ಮತ್ತು ಪ್ರಸಂಗ. ಸೆರಾಫಿಯರ ಆ ಕೂಗನ್ನು ರೊಟ್ಟಿ ಮುರಿಯುವ ಮೊದಲು ಸಭೆಯೂ ಹೇಳುತ್ತದೆ. ಕ್ಯಾಥೊಲಿಕರ ಪೂಜೆಯಲ್ಲೂ ಅದು ಇದೆ.

ಸುಮ್ನೆ ಹೆದರಿಸಿ ಮುಗಿಸೋ ಪ್ರಸಂಗಗಳೂ ಇವೆ. ಅವು ಕೆಂಡದ ಭಾಗಕ್ಕೆ ಬರೋದೇ ಇಲ್ಲ. ಅಂಥದ್ದನ್ನೇ ಜಾಸ್ತಿ ಕೇಳಿದ್ದರೆ ಬೈಬಲಿನ ಕೀರ್ತನೆ 136 ನೋಡಿ. ಅದರ 26 ವಚನಗಳೂ ದೇವರ ಕೃಪೆ ಶಾಶ್ವತ ಅಂತಲೇ ಮುಗಿಯುತ್ತವೆ.