ಸುದ್ದಿಮನೆಯ ಕಾರೆಲ್ ಚಾಪೆಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದಿನಪತ್ರಿಕೆಯೊಂದರ ಅರೆಕಾಲಿಕ ವರದಿಗಾರ. ವೈಜ್ಞಾನಿಕ ಕಲ್ಪನೆಯ ಕಾದಂಬರಿಯೊಂದನ್ನು ಬರೆಯತೊಡಗಿದ್ದೇನೆ. ಸುದ್ದಿ ಬರೆದು ಪಳಗಿದ ಕೈಗೆ ಕಥೆ ಒಲಿಯುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಚೆಕ್ ಲೇಖಕ ಕಾರೆಲ್ ಚಾಪೆಕ್ ಕೊನೆಯವರೆಗೂ ಪತ್ರಕರ್ತರಾಗಿದ್ದರಂತೆ. ಅವರು ಎರಡನ್ನೂ ಹೇಗೆ ನಿಭಾಯಿಸಿದರು?
– ಹೆಸರು ಬೇಡವೆಂದಿರುವ ಓದುಗರು, ಚಳ್ಳಕೆರೆ

ಉತ್ತರ: ನಿಮ್ಮ ಹಿರಿಯರ ಮಾತು ಚಾಪೆಕ್ ಅವರ ಮಟ್ಟಿಗಂತೂ ನಿಲ್ಲುವುದಿಲ್ಲ. ಅವರ ಕಾದಂಬರಿಗಳಿಗೆ ವಸ್ತುವನ್ನೂ ರೂಪವನ್ನೂ ಒದಗಿಸಿದ್ದೇ ಪತ್ರಿಕೆ.

1890ರ ಜನವರಿ 9ರಂದು ಬೊಹೀಮಿಯಾದ ಸಣ್ಣ ಊರೊಂದರಲ್ಲಿ, ವೈದ್ಯರ ಮೂವರು ಮಕ್ಕಳಲ್ಲಿ ಕಿರಿಯವರಾಗಿ ಹುಟ್ಟಿದ ಅವರು ಪ್ರಾಗ್, ಬರ್ಲಿನ್ ಮತ್ತು ಪ್ಯಾರಿಸ್‌ಗಳಲ್ಲಿ ತತ್ತ್ವಶಾಸ್ತ್ರ ಓದಿ 1915ರಲ್ಲಿ ಡಾಕ್ಟರೇಟ್ ಪಡೆದರು. ಬೆನ್ನುಮೂಳೆಯ ಕಾಯಿಲೆಯ ಕಾರಣ ಮೊದಲ ಮಹಾಯುದ್ಧದ ಸೈನಿಕ ಸೇವೆಯಿಂದ ವಿನಾಯಿತಿ ಸಿಕ್ಕಿತು. 1917ರಲ್ಲಿ ‘ನಾರೊದ್ನಿ ಲಿಸ್ತಿ’ ಪತ್ರಿಕೆ ಸೇರಿದ ಅವರು 1921ರಲ್ಲಿ ಅಣ್ಣ ಯೋಸೆಫ್ ಅವರೊಂದಿಗೆ ‘ಲಿದೊವೆ ನೊವಿನಿ’ಗೆ ಬಂದರು, ಮುಂದೆ ಸಾಯುವವರೆಗೂ ಆ ಪತ್ರಿಕೆಯನ್ನು ಬಿಡಲಿಲ್ಲ. ಅಲ್ಲಿ ಅವರು ಬರೆಯದ ಬಗೆ ಕಡಿಮೆ. ರಾಜಕೀಯ ಟಿಪ್ಪಣಿ, ಅಂಕಣ, ತಾವೇ ಬಿಡಿಸಿದ ಚಿತ್ರಗಳೊಂದಿಗೆ ಇಂಗ್ಲೆಂಡ್ ಪ್ರವಾಸದ ಪತ್ರಗಳು, ಕೈತೋಟದ ಬರಹ, ಪತ್ತೇದಾರಿ ಛಾಯೆಯ ಪುಟ್ಟ ಕಥೆಗಳು ಎಲ್ಲವೂ ಒಂದೇ ಮೇಜಿನಿಂದ ಹೊರಟವು.

ಅವರ ಮೊದಲ ವೈಜ್ಞಾನಿಕ ಕಾದಂಬರಿ ‘ಪರಮತತ್ತ್ವದ ಕಾರ್ಖಾನೆ’ (1922) ಕೂಡ ಇದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ವಸ್ತುವನ್ನು ಪೂರ್ತಿ ಉರಿಸಿ ಶಕ್ತಿ ಪಡೆಯುವ ಯಂತ್ರವೊಂದು, ವಸ್ತುವಿನೊಳಗೆ ಬಂದಿಯಾಗಿದ್ದ ದೈವವನ್ನು ಹೊಗೆಯಂತೆ ಹೊರಗೆ ಬಿಡುತ್ತದೆ. ಯಂತ್ರದ ಹತ್ತಿರ ಸುಳಿದವರೆಲ್ಲ ಭಕ್ತರಾಗುತ್ತಾರೆ, ಪವಾಡ ಮಾಡುತ್ತಾರೆ, ಕೊನೆಗೆ ನನ್ನ ದೇವರೇ ನಿಜವೆಂದು ಹೊಡೆದಾಡುತ್ತಾರೆ. ಪುಸ್ತಕದ ಎರಡನೆಯ ಅರ್ಧ ಸಡಿಲವಾಗಿದೆ ಎಂಬುದು ನನ್ನ ಅಭಿಪ್ರಾಯ. ಕಂತು ಮುಗಿಸಬೇಕಾದ ಆತುರ ಅಲ್ಲಿ ಕಣ್ಣಿಗೆ ಬೀಳುತ್ತದೆ.

ನೀವು ಓದಲೇಬೇಕಾದದ್ದು 1936ರ ‘ಸಾಲಮಾಂಡರ್‌ಗಳೊಂದಿಗೆ ಯುದ್ಧ’. ಹಿಂಗಾಲ ಮೇಲೆ ನಡೆಯುವ, ಮಾತು ಕಲಿಯಬಲ್ಲ ಸಾಲಮಾಂಡರ್ ಎಂಬ ಉಭಯಚರಗಳನ್ನು ಹಡಗಿನ ಕಪ್ತಾನನೊಬ್ಬ ದ್ವೀಪವೊಂದರ ಕಡಲಲ್ಲಿ ಕಂಡು, ಮುತ್ತು ತೆಗೆಯಲು ದುಡಿಸಿಕೊಳ್ಳುತ್ತಾನೆ. ಬಂಡವಾಳಗಾರರು ಅವುಗಳನ್ನು ಕೋಟಿಗಟ್ಟಲೆ ಬೆಳೆಸಿ ಜಗತ್ತಿಗೆಲ್ಲ ಮಾರುತ್ತಾರೆ. ಕಪ್ತಾನನನ್ನು ಒಬ್ಬ ಸಿರಿವಂತ ಉದ್ಯಮಿಯ ಮನೆಯೊಳಗೆ ಬಿಟ್ಟ ದ್ವಾರಪಾಲಕ ಪೊವೊಂದ್ರಾ, ಈ ಚರಿತ್ರೆಗೆ ತಾನೇ ಕಾರಣನೆಂಬ ಹೆಮ್ಮೆಯಲ್ಲಿ, ಅವುಗಳ ಕುರಿತ ಪತ್ರಿಕಾ ತುಣುಕುಗಳನ್ನು ಕತ್ತರಿಸಿ ಕೂಡಿಡುತ್ತಾನೆ. ಕಾದಂಬರಿಯ ನಡುಭಾಗ ನಿಂತಿರುವುದು ಆ ತುಣುಕುಗಳ ಮೇಲೆ. ವಿಜ್ಞಾನಿಗಳ ಸಭೆಯ ವರದಿ, ಸಾಲಮಾಂಡರ್‌ಗಳಿಗೆ ಆತ್ಮವಿದೆಯೇ ಎಂದು ಗಣ್ಯರನ್ನು ಕೇಳಿದ ಪತ್ರಿಕೆಯ ಸಮೀಕ್ಷೆ, ಪುಟವನ್ನೇ ನುಂಗುವ ಅಡಿಟಿಪ್ಪಣಿಗಳು, ಇವುಗಳ ಜೊತೆಗೆ ಮಾರುಕಟ್ಟೆಯ ಧಾರಣೆ. ಮೇಸ್ತ್ರಿ ದರ್ಜೆ, ಭಾರದ ಕೆಲಸದ ದರ್ಜೆ, ಸಾಮಾನ್ಯ ತಂಡದ ದರ್ಜೆ, ಕಸ ದರ್ಜೆ, ಮರಿಗಳು ಎಂದು ಜೀವಿಗಳನ್ನು ವಿಂಗಡಿಸಿ ದರ ನಮೂದಿಸಿದ್ದಾರೆ. ನಿಮ್ಮ ಎಪಿಎಂಸಿಯ ಶೇಂಗಾ ಧಾರಣೆಯನ್ನು ಕನಿಷ್ಠ, ಗರಿಷ್ಠ, ಮಾದರಿ ಎಂದು ಟೈಪ್ ಮಾಡಿದ ಕೈಗೆ ಈ ಪುಟದ ಕ್ರೌರ್ಯ ಬೇರೆ ಓದುಗರಿಗಿಂತ ಬೇಗ ತಟ್ಟುತ್ತದೆ. ಅಲ್ಲಿ ಒಂದು ವಿಶೇಷಣವೂ ಇಲ್ಲ, ಕಣ್ಣೀರೂ ಇಲ್ಲ.

ನಿಮ್ಮ ವಸ್ತುವಿನ ಬಗ್ಗೆ ಒಂದು ಸಲಹೆ. 2023ರ ಏಪ್ರಿಲ್ 2ರಂದು ನಿಮ್ಮ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ, ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಹೆಲಿಕಾಪ್ಟರ್ ಬಿಟ್ಟ ಇಸ್ರೊದ ರೆಕ್ಕೆಯ ವಾಹನವೊಂದು ಚಾಲಕನಿಲ್ಲದೆ ತಾನೇ ಓಡುಹಾದಿಗೆ ಇಳಿಯಿತು. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಕುರಿ, ದನ ಮೇಯಿಸುವವರು ಎತ್ತಿದ ತಕರಾರು ಕೂಡ ಸುದ್ದಿಯೇ ಆಗಿತ್ತು. ಈ ಎರಡು ವರದಿಗಳು ಪತ್ರಿಕೆಯಲ್ಲಿ ಬೇರೆ ಬೇರೆ ಪುಟಗಳಲ್ಲಿ ಬರುತ್ತವೆ. ನೀವು ಅವುಗಳನ್ನು ಒಂದೇ ಅಧ್ಯಾಯದಲ್ಲಿ, ವರದಿಯ ಭಾಷೆಯಲ್ಲಿಯೇ, ಇಟ್ಟು ನೋಡಿ.

ಪ್ರಶ್ನೆ: ಹಿಟ್ಲರನ ವಿರೋಧಿಯಾಗಿದ್ದ ಚಾಪೆಕ್ ದೇಶ ಬಿಟ್ಟು ಹೋಗಲಿಲ್ಲವೇಕೆ? ಅವರನ್ನು ಬಂಧಿಸಲಾಯಿತೆ?
– ನಿವೃತ್ತ ಇತಿಹಾಸ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ಬಂಧಿಸಲು ಬಂದವರಿಗೆ ಅವರು ಸಿಗಲಿಲ್ಲ. 1937ರ ‘ಬಿಳಿ ರೋಗ’ ನಾಟಕದಲ್ಲಿ, ಯುದ್ಧ ಬಿಡುವವರೆಗೆ ಸರ್ವಾಧಿಕಾರಿಗೆ ಔಷಧ ಕೊಡೆನೆನ್ನುವ ವೈದ್ಯನನ್ನು ಯುದ್ಧೋನ್ಮಾದದ ಜನರೇ ತುಳಿದು ಕೊಲ್ಲುತ್ತಾರೆ. 1938ರ ಸೆಪ್ಟೆಂಬರಿನ ಮ್ಯೂನಿಕ್ ಒಪ್ಪಂದ ಚೆಕೊಸ್ಲೊವಾಕಿಯಾದ ಗಡಿನಾಡನ್ನು ಹಿಟ್ಲರನಿಗೆ ಒಪ್ಪಿಸಿ ದೇಶವನ್ನು ಹರಿದ ಮೇಲೆ, ಗಣರಾಜ್ಯದ ಮೊದಲ ಅಧ್ಯಕ್ಷ ಮಸಾರಿಕ್ ಅವರ ಆಪ್ತರಾಗಿದ್ದ ಚಾಪೆಕ್ ಮೇಲೆ ಸ್ವದೇಶಿಯರೇ ನಿಂದೆಯ ಪತ್ರಗಳನ್ನೂ ಬರಹಗಳನ್ನೂ ಸುರಿದರು. ಹೊರಗೆ ಹೋಗಿರೆಂದವರ ಮಾತನ್ನು ಅವರು ಒಪ್ಪಲಿಲ್ಲ. ಅದೇ ಡಿಸೆಂಬರ್ 25ರಂದು, 48ರ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು. ಮರುವರ್ಷದ ಮಾರ್ಚ್‌ನಲ್ಲಿ ಪ್ರಾಗ್ ಹೊಕ್ಕ ನಾಜಿಗಳ ಗುಪ್ತ ಪೊಲೀಸರು, ಸತ್ತ ಸುದ್ದಿ ತಿಳಿಯದೆ, ಅವರನ್ನು ಹುಡುಕಿಕೊಂಡು ಮನೆಗೆ ಬಂದರು. ಸೆರೆಯಾದವರು ಅಣ್ಣ ಯೋಸೆಫ್. ಅವರು 1945ರಲ್ಲಿ ನಾಜಿಗಳ ಬೆರ್ಗೆನ್-ಬೆಲ್ಸೆನ್ ಯಾತನಾ ಶಿಬಿರದಲ್ಲಿ ಸತ್ತರು.

ಪ್ರಶ್ನೆ: ಚಾಪೆಕ್ ಅವರ ರೋಬೊ ನಾಟಕವನ್ನು ನಮ್ಮ ಕಾಲೇಜಿನಲ್ಲಿ ಆಡಬೇಕೆಂದಿದ್ದೇವೆ. ಉಡುಪಿಗೆ ತಗಡು, ಬೆಳ್ಳಿ ಕಾಗದ ಸಾಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತಗಡು ಬೇಡಮ್ಮ. 1921ರ ಜನವರಿ 25ರಂದು ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಅಧಿಕೃತವಾಗಿ ಮೊದಲ ಪ್ರದರ್ಶನ ಕಂಡ ‘ಆರ್.ಯು.ಆರ್.’ (ರೊಸ್ಸಮ್ಸ್ ಯೂನಿವರ್ಸಲ್ ರೋಬಾಟ್ಸ್) ನಾಟಕದ ರೋಬೊಗಳು ಲೋಹದವಲ್ಲ; ಕಾರ್ಖಾನೆಯಲ್ಲಿ ರಾಸಾಯನಿಕ ಪಾಕದಿಂದ ತಯಾರಾದ, ನೋಡಲು ಮನುಷ್ಯರಂತೆಯೇ ಇರುವ ಕೂಲಿಗಳು. ಪ್ರಸ್ತಾವನಾ ದೃಶ್ಯದಲ್ಲಿ ಅವರಿಗೆ ನಮ್ಮಂಥದೇ ಬಟ್ಟೆ, ಭಾವವಿಲ್ಲದ ಮುಖ, ನೆಟ್ಟ ನೋಟ. ಮುಂದಿನ ಅಂಕಗಳಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿದ ನಾರುಬಟ್ಟೆಯ ಅಂಗಿ, ಎದೆಯ ಮೇಲೆ ಹಿತ್ತಾಳೆಯ ಸಂಖ್ಯೆ ಎಂದು ನಾಟಕಕಾರರೇ ಸೂಚಿಸಿದ್ದಾರೆ. ದಾವಣಗೆರೆಯಲ್ಲಿ ಇದನ್ನು ಆಡುವುದಾದರೆ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರನ್ನು ಮೊದಲು ಮಾತನಾಡಿಸಿರಿ. ಪಾಳಿ, ಸೈರನ್, ಹಾಜರಿಯ ಟೋಕನ್ ಹೇಗಿದ್ದವೆಂದು ಅವರೇ ಹೇಳಿಯಾರು. ದಂಗೆಯೆದ್ದ ರೋಬೊಗಳು ಕೊಲ್ಲದೆ ಉಳಿಸುವುದು ಆಲ್ಕ್ವಿಸ್ಟ್ ಎಂಬೊಬ್ಬನನ್ನು ಮಾತ್ರ, ಅದೂ ಆತ ತಮ್ಮಂತೆ ಕೈಯಿಂದ ದುಡಿಯುತ್ತಾನೆಂಬ ಕಾರಣಕ್ಕೆ. ಆ ಪಾತ್ರಕ್ಕೆ ನಿಮ್ಮಲ್ಲಿ ಅತ್ಯಂತ ಚೆನ್ನಾಗಿ ನಟಿಸುವವರನ್ನು ಹಾಕಿರಿ, ಏಕೆಂದರೆ ಕೊನೆಯ ಅಂಕದ ಬಹುಪಾಲು ಅವರ ಹೆಗಲ ಮೇಲಿರುತ್ತದೆ.